ನೇರಳೆಗೆ ತಿರುಗದ ಎಲೆ

ಆಕಾಶ ಇಷ್ಟು ಶುಭ್ರವಾಗಿರಬಾರದಿತ್ತು. ಬಸ್ಸಿಳಿದು ಸಂಶೋಧನಾಲಯದ ಗೇಟಿನವರೆಗೆ ನಡೆಯುವ ಹತ್ತು ನಿಮಿಷದಲ್ಲಿ ಅವನು ಮೂರು ಸಲ ತಲೆಯೆತ್ತಿ ನೋಡಿದ. ಮೋಡದ ಒಂದು ಚೂರೂ ಇಲ್ಲ, ಎಲೆ ಅಲುಗುವಷ್ಟು ಗಾಳಿಯೂ ಇಲ್ಲ. ಗೇಟಿನ ಕಾವಲುಗಾರ ಕೈಯುಜ್ಜಿಕೊಳ್ಳುತ್ತ, ‘ಎಂಥಾ ಒಳ್ಳೇ ಬಿಸಿಲು ಸಾರ್ ಇವತ್ತು!’ ಅಂದ. ಅವನು ಹೌದೆಂದು ತಲೆಯಾಡಿಸಿ, ಏನೋ ಕದ್ದು ಸಿಕ್ಕಿಬಿದ್ದವನಂತೆ ಬೇಗ ಬೇಗ ಒಳಗೆ ನಡೆದ. ಬೆಳಗ್ಗೆ ರೇಡಿಯೋದಲ್ಲಿ ಹೇಳಿದ್ದರು: ಇಷ್ಟು ದಿನ ಬೆಚ್ಚಗಿದ್ದ ಹವೆ ಇಂದು ಮುಗಿಯುತ್ತದೆ, ಬೆಟ್ಟದ ಮೇಲಿನ ಊರುಗಳಲ್ಲಿ ಇಂದು ರಾತ್ರಿ ಇಬ್ಬನಿಯೇ ಹೆಪ್ಪುಗಟ್ಟುವ, ಈ ವರ್ಷದ ಮೊದಲ ಹಿಮ, ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗೆ, ನಾಳೆ ಬೆಳಗ್ಗೆ ಪ್ರಖರವಾದ ಬಿಸಿಲು. ತಲೆ ಬಾಚಿಕೊಳ್ಳುತ್ತಿದ್ದ ಹೆಂಡತಿ ಕೈ ನಿಲ್ಲಿಸಿ, ‘ಅದು ನಿಮ್ಮಕ್ಕನ ಊರಲ್ವಾ?’ ಎಂದು ಕೇಳಿದಳು. ಅವನು ಷೂ ಕಟ್ಟುತ್ತಿದ್ದವನು ತಲೆಯೆತ್ತದೆ ಹ್ಞೂಂ ಅಂದ. ‘ಅವರಿಗೇನು ಬಿಡಿ, ನಿಮ್ಮ ಬೀಜ ಹಾಕಿದಾರಲ್ಲ’ ಎಂದು ಅವಳು ಮತ್ತೆ ಬಾಚತೊಡಗಿದಳು. ಷೂ ಲೇಸು ಗಂಟಾಯಿತು. ಅದನ್ನು ಬಿಡಿಸಲು ಹೋಗಿ ಮೊದಲ ಬಸ್ಸು ತಪ್ಪಿತು.

ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ಟ್ರೇಗಳದ್ದು. ಕಾಗದದ ಮೇಲೆ ಪ್ರಯೋಗಾಲಯ ಸಹಾಯಕ, ಎಲ್ಲರ ಬಾಯಲ್ಲಿ ಟ್ರೇ ಮೇಷ್ಟ್ರು. ಕಾರಿಡಾರಿನ ಕೊನೆಯಲ್ಲಿ ದಪ್ಪ ಬಾಗಿಲಿನ ಚಳಿಕೋಣೆ. ಒಳಗೆ ಯಾವಾಗಲೂ ನಾಲ್ಕು ಡಿಗ್ರಿ ಚಳಿ, ಕಣ್ಣು ಕುಕ್ಕುವ ದೀಪಗಳು. ಸಾಸಿವೆಯ ಸಸಿಗಳನ್ನು ಅಲ್ಲಿಟ್ಟು ಮೂರು ವಾರ ಚಳಿಗೆ ಪಳಗಿಸುತ್ತಾರೆ. ಆಮೇಲೆ ಒಂದು ರಾತ್ರಿ ಸೊನ್ನೆಗಿಂತ ಎಂಟು ಡಿಗ್ರಿ ಕೆಳಕ್ಕಿಳಿಸಿ, ಬೆಳಗ್ಗೆ ಪೂರ್ತಿ ಬೆಳಕು ಬಿಟ್ಟು, ಯಾವ ತಳಿ ಬದುಕಿತು ಯಾವುದು ಸತ್ತಿತು ಎಂದು ಬರೆದುಕೊಳ್ಳುತ್ತಾರೆ. ಹನ್ನೆರಡು ಟ್ರೇ, ಒಂದೊಂದರಲ್ಲಿ ಒಂದೊಂದು ತಳಿ. ಕೋಣೆಯಲ್ಲಿ ಎಲ್ಲ ಕಡೆಗೂ ಬೆಳಕು ಒಂದೇ ಸಮ ಬೀಳುವುದಿಲ್ಲ. ಹೊಸದಾಗಿ ಹಾಕಿದ ದೀಪದ ಕೆಳಗೆ ಜಾಸ್ತಿ, ಬಾಗಿಲ ಪಕ್ಕ ಕಡಿಮೆ. ಯಾವುದಕ್ಕೂ ಪಕ್ಷಪಾತವಾಗಬಾರದೆಂದು ದಿನಾ ಬೆಳಗ್ಗೆ ಪ್ರತಿ ಟ್ರೇಯನ್ನೂ ಒಂದು ಜಾಗ ಮುಂದಕ್ಕೆ ಸರಿಸಬೇಕು, ಸರಿಸಿ ಬಾಗಿಲ ಮೇಲಿನ ಚಾರ್ಟಿನಲ್ಲಿ ರೈಟು ಹಾಕಬೇಕು. ಒಳಗಿನ ಚಳಿಗೆ ಬೆರಳು ಮರಗಟ್ಟುತ್ತದೆ. ಹೊರಗೆ ಬಂದು ಹಾಕಿದ ರೈಟು ಸತ್ತ ಹುಳದ ಹಾಗೆ ಕಾಣುತ್ತದೆ. ಅವನಿಗೆ ತನ್ನ ರೈಟುಗಳು ಚೆಂದ ಕಾಣಬೇಕು. ಹಾಗಾಗಿ ಮೊದಲು ಹೊರಗೆ ನಿಂತು ರೈಟು, ಆಮೇಲೆ ಒಳಗೆ ಹೋಗಿ ಕೆಲಸ. ಯಾರೂ ಹೇಳಿಕೊಟ್ಟದ್ದಲ್ಲ, ಅವನೇ ಮಾಡಿಕೊಂಡ ಪದ್ಧತಿ. ಇಪ್ಪತ್ತೊಂದು ವರ್ಷ ಅದರಿಂದ ಏನೂ ತೊಂದರೆಯಾಗಿರಲಿಲ್ಲ.

ಇಂದು ಚಳಿಕೋಣೆಯ ಮುಂದೆ ಮೆಕ್ಯಾನಿಕ್ ಕಾಲು ಚಾಚಿ ಕೂತಿದ್ದ. ವರ್ಷಕ್ಕೊಮ್ಮೆ ಬಂದು ಯಂತ್ರದ ಹೊಟ್ಟೆ ಬಿಚ್ಚಿ ನೋಡಿ ಹೋಗುವವನು. ಬಾಯಿ ಒಂದು ಕ್ಷಣ ಸುಮ್ಮನಿರುವುದಿಲ್ಲ. ಸುತ್ತಲೂ ಸ್ಕ್ರೂಗಳು, ಒಂದು ಚಿಂದಿ ಬಟ್ಟೆ, ಮತ್ತು ತೊಡೆಯ ಮೇಲೆ ಹರಡಿಕೊಂಡ ಕಾಗದದ ಉದ್ದನೆಯ ಸುರುಳಿ. ಕೋಣೆಯ ಉಷ್ಣಾಂಶವನ್ನು ಒಂದು ಸೂಜಿಪೆನ್ನು ಹಗಲೂ ರಾತ್ರಿ ಆ ಸುರುಳಿಯ ಮೇಲೆ ಗೀಚುತ್ತದೆ ಎಂಬುದು ಟ್ರೇ ಮೇಷ್ಟ್ರಿಗೆ ಗೊತ್ತಿತ್ತು. ಸುರುಳಿ ಮುಗಿದಾಗ ಹೊಸದು ಹಾಕುವವನೂ ಅವನೇ. ಅದನ್ನು ಯಾರಾದರೂ ಓದುತ್ತಾರೆ ಎಂದು ಮಾತ್ರ ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

‘ಬನ್ನಿ ಮೇಷ್ಟ್ರೇ, ನಿಮ್ಮ ಜಾತಕ ನೋಡ್ತಾ ಇದೀನಿ’ ಅಂದ ಮೆಕ್ಯಾನಿಕ್. ‘ಇಲ್ನೋಡಿ, ದಿನಾ ಬೆಳಗ್ಗೆ ಒಂಬತ್ತಕ್ಕೆ ಗೆರೆಯಲ್ಲಿ ಒಂದು ಉಬ್ಬು ಎದ್ದಿದೆ. ನೀವು ಬಾಗಿಲು ತೆಗೀತೀರಿ, ಬಿಸಿ ಒಳಗೆ ಹೋಗುತ್ತೆ, ಗೆರೆ ಏಳುತ್ತೆ. ಗಡಿಯಾರ ಕಟ್ಟೋದೇ ಬೇಡ, ನಿಮ್ಮನ್ನ ನೋಡಿದ್ರೆ ಸಾಕು.’ ಎಂದು ನಗುತ್ತ ಸುರುಳಿಯನ್ನು ಎಳೆದ. ‘ಹೋದ ಚಳಿಗಾಲ ಮಾತ್ರ ನೋಡಿ, ಇಲ್ಲಿಂದ ಇಲ್ಲೀವರೆಗೆ, ಹನ್ನೆರಡು ದಿನ. ಗೆರೆ ಇಸ್ತ್ರಿ ಮಾಡಿದ ಹಾಗಿದೆ. ಎಲ್ಲಾದ್ರೂ ಟೂರಿಗೆ ಹೋಗಿದ್ರಾ?’

‘ರಜಾ ಹಾಕಿದ್ದೆ ಅನ್ಸುತ್ತೆ’ ಅಂದ ಅವನು. ತನ್ನ ದನಿ ತನಗೇ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿತು.

ಮೆಕ್ಯಾನಿಕ್ ಬಾಗಿಲ ಕಡೆ ನೋಡಿದ. ಕಳೆದ ವರ್ಷದ ಚಾರ್ಟು ಈಗ ಅಲ್ಲಿರಲಿಲ್ಲ. ಗೋಂದಿನ ನಾಲ್ಕು ಕಲೆ ಮಾತ್ರ ಇತ್ತು. ‘ಹೋಗ್ಲಿ ಬಿಡಿ. ನಾನು ಯಂತ್ರದ ಡಾಕ್ಟ್ರು, ಮನುಷ್ಯರ ಕಾಯಿಲೆ ನಂಗ್ಯಾಕೆ’ ಎಂದು ಆ ತುಂಡನ್ನಷ್ಟೇ ಹರಿದು, ಮಡಿಸಿ, ಅವನ ಕೋಟಿನ ಜೇಬಿಗೆ ಸಿಕ್ಕಿಸಿದ. ‘ಇಟ್ಕೊಳ್ಳಿ. ಯಾರಾದ್ರೂ ಕಂಪ್ರೆಸರ್ ಕೆಟ್ಟಿತ್ತಾ ಅಂತ ಕೇಳಿದ್ರೆ ತೋರ್ಸಿ. ಯಂತ್ರದ್ದು ಏನೂ ತಪ್ಪಿಲ್ಲ.’

ಹೋದ ಚಳಿಗಾಲದ ಆ ಹನ್ನೆರಡರಲ್ಲಿ ಮೊದಲ ದಿನ ಸುಮ್ಮನೆ ಮರೆತದ್ದು. ರೈಟು ಹಾಕಿ ಬಾಗಿಲ ಹಿಡಿಕೆಗೆ ಕೈ ಇಡುವಷ್ಟರಲ್ಲಿ ಈ ತಳಿಗಳ ಸಂಶೋಧನೆ ನಡೆಸುವ ಮೇಡಂ ಕಾರಿಡಾರಿನ ಆ ತುದಿಯಿಂದ ಕೂಗಿದ್ದರು: ‘ಸ್ವಲ್ಪ ಬರ್ತೀರಾ, ಕುರ್ಚಿ ಸಾಲದೆ ಹೋಗಿದೆ.’ ಸಭಾಂಗಣಕ್ಕೆ ನಲವತ್ತು ಕುರ್ಚಿ ಹೊತ್ತ. ತನ್ನ ಅರ್ಧ ವಯಸ್ಸಿನ ವಿದ್ಯಾರ್ಥಿಗಳು ಕಾಫಿ ಹಿಡಿದು ದಾರಿ ಬಿಡುತ್ತಿದ್ದರು. ಒಬ್ಬ, ‘ಜೋಪಾನ ಅಂಕಲ್’ ಅಂದ. ಆ ಅಂಕಲ್ ಅನ್ನುವ ಮಾತನ್ನು ಅಗಿಯುತ್ತ ಅಗಿಯುತ್ತ ಅವತ್ತು ಸಂಜೆಯಾಯಿತು. ಮಾರನೆಯ ಬೆಳಗ್ಗೆ ಚಾರ್ಟಿನ ಮುಂದೆ ಪೆನ್ನು ತೆಗೆದಾಗ ನೆನಪಾಯಿತು. ಈಗ ಎರಡು ಜಾಗ ಸರಿಸಬೇಕು. ನೀರು ಕುಡಿದ ಟ್ರೇ ಒಂದೊಂದೂ ಕಲ್ಲಿನ ಭಾರ. ಅಷ್ಟರಲ್ಲಿ ಮೇಡಂ ಪಕ್ಕದಲ್ಲೇ ಯಾರೊಡನೆಯೋ ಮಾತಾಡುತ್ತ ನಿಂತಿದ್ದರು, ಯಾಕೆ ಇಷ್ಟು ಹೊತ್ತು ಬಾಗಿಲು ತೆಗೆದಿದ್ದೀರಿ ಎಂದು ಕೇಳಿದರೆ ಏನು ಹೇಳುವುದು? ನಾಳೆ ಮೂರು ಸರಿಸಿದರಾಯಿತು ಅಂದುಕೊಂಡು ರೈಟು ಹಾಕಿದ. ನಾಳೆ ನಾಲ್ಕಾಯಿತು. ಐದನೆಯ ದಿನ ಸ್ನಾನದ ಮನೆಯಲ್ಲಿ, ತಲೆಯ ಮೇಲೆ ನೀರು ಸುರಿಯುತ್ತಿರುವಾಗ ಹೊಳೆಯಿತು: ಟ್ರೇ ಹನ್ನೆರಡು, ಜಾಗ ಹನ್ನೆರಡು. ಹನ್ನೆರಡು ದಿನ ಸರಿಸದೇ ಬಿಟ್ಟರೆ ಚಾರ್ಟಿನ ಲೆಕ್ಕ ಒಂದು ಸುತ್ತು ಮುಗಿಸಿ ತಾನಾಗಿಯೇ ಟ್ರೇಗಳು ನಿಂತ ಜಾಗಕ್ಕೆ ಬಂದು ಕೂಡುತ್ತದೆ. ಹದಿಮೂರನೆಯ ದಿನದಿಂದ ಮತ್ತೆ ಸರಿಸಿದರೆ ಚಾರ್ಟೂ ನಿಜ, ಟ್ರೇಗಳೂ ನಿಜ. ಎಂಥ ಬುದ್ಧಿ! ನಾಚಿಕೆಗೇಡು ಎಂದರೆ, ಅವನಿಗೆ ಆಗ ಖುಷಿಯಾಗಿತ್ತು. ಒದ್ದೆ ಮೈಯಲ್ಲೇ ನಕ್ಕಿದ್ದ. ಆಮೇಲಿನ ದಿನಗಳಲ್ಲಿ ಬಾಗಿಲು ತೆಗೆಯದೆ, ಸಣ್ಣ ಗಾಜಿನ ಕಿಂಡಿಯಿಂದ ಇಣುಕಿ ನೋಡಿ, ಒಂದಕ್ಕಿಂತ ಒಂದು ಚೆಂದದ ರೈಟು ಹಾಕುತ್ತ ಹೋದ. ಹೊಸ ದೀಪದ ಕೆಳಗೆ ಏಳನೆಯ ಟ್ರೇ ನಿಂತಿತ್ತು. ಒಂದೊಂದು ದಿನಕ್ಕೆ ಒಂದೊಂದಿಷ್ಟು ಅದರ ಎಲೆಗಳು ನೇರಳೆಗೆ ತಿರುಗುತ್ತಿದ್ದವು. ಉಳಿದವೆಲ್ಲ ಹಸಿರು.

ಚಳಿಯ ರಾತ್ರಿ ಕಳೆದು ದೀಪ ಹತ್ತಿಸಿದಾಗ ಏಳರಲ್ಲಿ ಸಸಿಗಳು ನೆಟ್ಟಗೆ ನಿಂತಿದ್ದವು. ಉಳಿದ ಹನ್ನೊಂದು ಬೇಯಿಸಿದ ಸೊಪ್ಪಿನ ಹಾಗೆ ಮಲಗಿದ್ದವು. ಮೇಡಂ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ್ದರು. ಅವರು ಕೆಟ್ಟವರಲ್ಲ; ಅದೇ ಕಷ್ಟ. ಅವರಿಗೆ ಇಪ್ಪತ್ತು ವರ್ಷದ ಒಂದೇ ಒಂದು ಆಸೆ: ಬೆಟ್ಟದ ಸಾಸಿವೆ ಚಳಿ ತಡೆಯುತ್ತದೆ, ಕಾಳು ಸಣ್ಣ, ಬಯಲಿನದು ಕಾಳು ದಪ್ಪ, ಚಳಿಗೆ ಸಾಯುತ್ತದೆ, ಎರಡನ್ನೂ ಕೂಡಿಸಿದ ಮಕ್ಕಳಲ್ಲಿ ಒಬ್ಬನಾದರೂ ಎರಡೂ ಕಡೆಯ ಒಳ್ಳೆಯದನ್ನು ಹೊತ್ತು ಹುಟ್ಟಿರಬೇಕು. ಆ ಹನ್ನೆರಡು ಮಕ್ಕಳ ಬೀಜ ಬಯಲಿನ ಹೊಲದಲ್ಲಿ ಬೆಳೆದು ಆಗಲೇ ಮೂಟೆಯಲ್ಲಿತ್ತು. ಯಾವ ಮೂಟೆ ಬಿಚ್ಚಬೇಕು ಎನ್ನುವುದಷ್ಟೇ ಬಾಕಿ. ಇನ್ನೊಂದು ಸಲ ಮಾಡಿ ನೋಡೋಣ ಎಂದು ಯಾರೋ ಅಂದದ್ದಕ್ಕೆ ಮೇಡಂ ಚಾರ್ಟು ತೋರಿಸಿದ್ದರು. ‘ಒಂದು ದಿನ ತಪ್ಪಿದೆಯಾ ಹೇಳಿ. ಇನ್ನೇನು ಪುರಾವೆ ಬೇಕು?’

ಇಂದು ಹನ್ನೊಂದು ಗಂಟೆಗೆ ಮೇಡಂ ಅವನನ್ನು ಕರೆಸಿದರು. ಮೇಜಿನ ಮೇಲೆ ಆ ಚಾರ್ಟು, ಗಾಜು ಹಾಕಿಸಿದ ಚೌಕಟ್ಟಿನಲ್ಲಿ. ನಾಳೆ ದೊಡ್ಡವರು ಬರುತ್ತಾರೆ, ಮೊದಲು ಇಲ್ಲಿ ಸಭೆ, ಆಮೇಲೆ ಎಲ್ಲರೂ ಮೇಲಿನ ಊರಿಗೆ ಹೋಗಿ, ಹಿಮ ಬಿದ್ದ ಮೇಲೂ ನಿಂತ ಹೊಲ ನೋಡುವುದು. ‘ಇದನ್ನ ಬಾಗಿಲಲ್ಲೇ ತೂಗುಹಾಕ್ತೀವಿ’ ಅಂದರು ಮೇಡಂ. ‘ಜೀನ್ ಕಂಡುಹಿಡಿಯೋದು ದೊಡ್ಡದಲ್ಲ. ದಿನಾ ಬೆಳಗ್ಗೆ ಇದನ್ನ ಮಾಡೋರು ದೊಡ್ಡೋರು. ನಾಳೆ ನಾನು ಹೆಸರು ಹೇಳ್ದಾಗ ಎದ್ದು ನಿಲ್ಬೇಕು, ನಾಚಿಕೆ ಪಡಬಾರದು.’ ಕಿಟಕಿಯ ಬಿಸಿಲು ಗಾಜಿನ ಮೇಲೆ ಬಿದ್ದು ನೇರ ಅವನ ಕಣ್ಣಿಗೆ ಹೊಡೆಯುತ್ತಿತ್ತು. ಪಕ್ಕಕ್ಕೆ ಸರಿಯಬಹುದಿತ್ತು, ಸರಿಯಲಿಲ್ಲ. ಈಗ ಹೇಳು, ಈಗ, ಜೇಬಿನಲ್ಲೇ ಇದೆಯಲ್ಲ ಕಾಗದ. ಬಾಯಿ ತೆರೆದ. ‘ಮೇಡಂ, ಇವತ್ತು ಹಿಮ ಅಂತೆ’ ಅಂದ. ‘ಗೊತ್ತು’ ಎಂದು ಅವರು ಕಣ್ಣು ಮಿನುಗಿಸಿದರು. ‘ಸರಿಯಾದ ದಿನವೇ ಬಂತು ನೋಡಿ.’

ಚಳಿ ಕೊಲ್ಲುವುದಿಲ್ಲ, ಎಂದು ಮೇಡಂ ಹೊಸ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುವ ಪಾಠ ಅವನಿಗೆ ಬಾಯಿಪಾಠ. ಚಳಿಯಲ್ಲಿ ಎಲೆಯ ಒಳಗಿನ ಕೆಲಸವೆಲ್ಲ ನಿಧಾನವಾಗುತ್ತದೆ, ಆದರೆ ಬೆಳಕು ಬೀಳುವುದು ನಿಲ್ಲುವುದಿಲ್ಲ. ಎಲೆಗೆ ರೆಪ್ಪೆಯಿಲ್ಲ. ಬಿದ್ದಷ್ಟನ್ನೂ ಕುಡಿಯುತ್ತದೆ, ಕುಡಿದದ್ದನ್ನು ಖರ್ಚು ಮಾಡಲಾರದೆ ಒಳಗಿಂದ ಸುಟ್ಟುಕೊಳ್ಳುತ್ತದೆ. ಬೆಟ್ಟದ ಗಿಡಕ್ಕೆ ಸಾವಿರಾರು ವರ್ಷ ಆ ಪೆಟ್ಟು ಬಿದ್ದೂ ಬಿದ್ದೂ, ತಾಳದವು ಸತ್ತು, ತಾಳಿದವು ಬೀಜ ಬಿಟ್ಟು, ಈಗ ಅದರ ರಕ್ತದಲ್ಲೇ ಒಂದು ಎಚ್ಚರ ಇದೆ: ಚಳಿ ತಾಗಿದ ಕ್ಷಣಕ್ಕೆ ಜೀನ್ ಒಂದು ಏಳುತ್ತದೆ, ಅದು ಇನ್ನೊಂದನ್ನು ಎಬ್ಬಿಸುತ್ತದೆ, ಒಂದೇ ಹಗಲಿನಲ್ಲಿ ಎಲೆ ನೇರಳೆಯ ಪರದೆ ಎಳೆದುಕೊಳ್ಳುತ್ತದೆ, ರಸದಲ್ಲಿ ಸಕ್ಕರೆ ಕೂಡಿಸಿಕೊಳ್ಳುತ್ತದೆ. ಅವನಿಗೆ ಮೇಡಂಗಿಂತ ಮೊದಲೇ ಇದನ್ನು ಹೇಳಿಕೊಟ್ಟವಳು ಅಜ್ಜಿ. ಆರು ವರ್ಷದ ಅವನನ್ನೂ ಒಂಬತ್ತು ವರ್ಷದ ಅಕ್ಕನನ್ನೂ ಹೊಲದ ಬದುವಿನಲ್ಲಿ ಕೂರಿಸಿಕೊಂಡು, ಎಲೆಯೊಂದನ್ನು ಮಗುಚಿ, ‘ನೋಡ್ರೋ, ಹೊದ್ಕೊಂಡಿದೆ. ಇನ್ನು ಹಿಮ ಬಂದ್ರೆ ಬರ್ಲಿ’ ಅನ್ನುತ್ತಿದ್ದಳು. ಅವನು ಹನ್ನೆರಡನೆಯ ವಯಸ್ಸಿಗೇ ಕೆಳಗೆ ಓದಲು ಬಂದ. ಅಕ್ಕ ಅಲ್ಲೇ ಉಳಿದಳು, ಅಜ್ಜಿಯ ಹೊಲಕ್ಕೆ, ಅಜ್ಜಿಯ ಬೀಜಕ್ಕೆ.

ಹನ್ನೆರಡೂವರೆಗೆ ಫೋನು ನಡುಗಿತು. ಅಕ್ಕ. ಅವನು ಶೌಚಾಲಯದ ಪಕ್ಕದ ಮೆಟ್ಟಿಲಿಗೆ ಹೋಗಿ ನಿಂತ.

‘ಏನೋ, ಊಟ ಆಯ್ತಾ?’

‘ಇನ್ನೂ ಇಲ್ಲ ಅಕ್ಕ.’

‘ಹೊತ್ತಿಗೆ ಸರಿಯಾಗಿ ತಿನ್ನು. ಕೇಳಿಲ್ಲಿ, ಒಂದು ವಿಷಯ. ರಾತ್ರಿ ಹಿಮ ಅಂತಿದಾರೆ. ಹೊಲ ನೋಡ್ದೆ, ಎಲೆ ಇನ್ನೂ ಹಸಿರಾಗೇ ಇದೆ ಕಣೋ. ಹಸಿರು ಅಂದ್ರೆ ಎಂಥ ಹಸಿರು, ಈಗ ತಾನೇ ತೊಳೆದಿಟ್ಟ ಹಾಗೆ. ನಮ್ಮದಾಗಿದ್ರೆ ಇಷ್ಟೊತ್ತಿಗೆ ಹೊದ್ಕೊಂಡಿರೋದು. ಇದು ಹೀಗೇನಾ?’

ಮೆಟ್ಟಿಲ ಕಿಟಕಿಯಿಂದ ಜನರೇಟರ್ ಶೆಡ್ಡಿನ ಹಿಂದಿನ ಗೊಬ್ಬರದ ಗುಂಡಿಯ ಒಂದು ಅಂಚು ಕಾಣುತ್ತದೆ. ಅವನು ಅತ್ತ ಬೆನ್ನು ಮಾಡಿದ.

‘ಹೊಸ ತಳಿ ಅಲ್ವಾ ಅಕ್ಕ. ಹಾಗೇ ಇರುತ್ತೆ.’

‘ಹಾಗಾ?’ ಅವಳು ನಿಟ್ಟುಸಿರಿಟ್ಟಳು, ಹಗುರಾಗಿ. ‘ಹಾಗಾದ್ರೆ ಸರಿ. ಇಲ್ಲಿ ಎಲ್ರೂ ಹುಲ್ಲು ಹೊದಿಸೋಣ್ವಾ ಅಂತ ನನ್ನೇ ಕೇಳ್ತಾ ಇದಾರೆ, ನಲವತ್ತು ಮನೆಯವರೂ. ನಿನ್ನ ಕೇಳಿ ಹೇಳ್ತೀನಿ ಅಂದಿದ್ದೆ. ಬೇಡ ಅಂತೀನಿ. ನಾಳೆ ಯಾರೋ ದೊಡ್ಡೋರು ಬರ್ತಾರಂತಲ್ಲ, ಹುಲ್ಲು ಮುಚ್ಚಿದ್ರೆ ಚೆನ್ನಾಗಿರಲ್ಲ. ನಿಂಗೂ ಮೇಡಂಗೂ ಅಡುಗೆ ಮಾಡಿಟ್ಟಿರ್ತೀನಿ.’

ಫೋನು ಆರಿತು. ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತ. ಹೋದ ಚಳಿಗಾಲದ್ದು ಮರೆವು, ಆಮೇಲಿನದು ಸೋಮಾರಿತನ. ಇದಕ್ಕೆ ಏನು ಹೆಸರು? ಈಗಷ್ಟೇ, ಹಗಲು ಹೊತ್ತಿನಲ್ಲಿ, ಎಚ್ಚರವಾಗಿದ್ದುಕೊಂಡು, ಒಡಹುಟ್ಟಿದವಳು ಕೈಯಲ್ಲಿ ಹುಲ್ಲು ಹಿಡಿದು ಕೇಳಿದಾಗ, ಕೆಳಗಿಡು ಅಂದಿದ್ದ.

ಗೊತ್ತಿಲ್ಲದೆ ಅಂದದ್ದೂ ಅಲ್ಲ. ಬೇಸಿಗೆಯಲ್ಲಿ ಮೇಡಂ ಹೊರದೇಶಕ್ಕೆ ಹೋದಾಗ ಅವನು ಒಬ್ಬನೇ ಪರೀಕ್ಷೆ ಮಾಡಿದ್ದ, ಮೂಲೆಯ ಸಣ್ಣ ಚಳಿಪೆಟ್ಟಿಗೆಯಲ್ಲಿ, ಏಳನೆಯ ತಳಿ ಒಂದು ಕಡೆ, ಅಜ್ಜಿಯ ತಳಿ ಇನ್ನೊಂದು ಕಡೆ, ದಿನಾ ಪ್ರಾಮಾಣಿಕವಾಗಿ ಜಾಗ ಬದಲಿಸುತ್ತ. ಅಜ್ಜಿಯ ಸಸಿಗಳು ಎರಡನೆಯ ದಿನಕ್ಕೇ ನೇರಳೆ. ಏಳು ಹಸಿರಾಗಿಯೇ ಇತ್ತು. ಚಳಿಯ ರಾತ್ರಿಯ ನಂತರ ಏಳು ಮಲಗಿತು, ಅಜ್ಜಿಯದು ನಿಂತಿತು. ಬೆಟ್ಟದ ಗಿಡದ ಆ ಎಚ್ಚರದಲ್ಲಿ ಏಳಕ್ಕೆ ಬಂದಿದ್ದು ಅರ್ಧ ಮಾತ್ರ. ಹೊಸ ದೀಪದ ಬೆಳಕನ್ನು ಹನ್ನೆರಡು ದಿನ ಬಿಡದೆ ಸುರಿದರೆ ನಿದ್ದೆಯಿಂದ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಬೆಟ್ಟದ ಚಳಿ ಯಾರಿಗೂ ಹನ್ನೆರಡು ದಿನ ಕೊಡುವುದಿಲ್ಲ. ಅವನು ಮತ್ತೆ ಮಾಡಿದ, ಮತ್ತೂ ಮಾಡಿದ, ಒಟ್ಟು ಐದು ಸಲ, ಏಳು ಒಮ್ಮೆಯಾದರೂ ಬದುಕಲಿ ಎಂದು ಹರಕೆ ಹೊತ್ತವನಂತೆ. ಅಜ್ಜಿಯ ಬೀಜ ಎಲ್ಲಿಂದ ಬರಬೇಕು? ಹಳೆಯದು ಪಕ್ಕದಲ್ಲಿದ್ದರೆ ಹೊಸದರೊಂದಿಗೆ ಬೆರೆತುಹೋಗುತ್ತದೆ ಎಂದು ಮೇಡಂ ಹೇಳಿದ್ದಕ್ಕೆ ನಲವತ್ತು ಮನೆಯವರೂ ತಮ್ಮ ಹಳೆಯ ಬೀಜವನ್ನು ಗಾಣಕ್ಕೆ ಹಾಕಿದ್ದರು. ಅಕ್ಕನೊಬ್ಬಳು ಒಂದು ಔಷಧದ ಶೀಷೆಯಷ್ಟು ಉಳಿಸಿ, ಬಟ್ಟೆ ಸುತ್ತಿ, ‘ಇದನ್ನ ನಿನ್ನ ತಣ್ಣನೆ ಪೆಟ್ಟಿಗೇಲಿ ಇಟ್ಟಿರು, ಇದೊಂದಿದ್ರೆ ನಂಗೆ ಧೈರ್ಯ’ ಎಂದು ಅವನ ಕೈಗೆ ಕೊಟ್ಟಿದ್ದಳು. ಹಳೆಯ ಬೀಜ, ಹತ್ತಕ್ಕೆ ಒಂದು ಮೊಳೆತರೆ ಹೆಚ್ಚು. ಅವನು ಧಾರಾಳವಾಗಿ ಸುರಿದ. ಐದನೆಯ ಸಲ ಶೀಷೆ ತಲೆಕೆಳಗು ಮಾಡಿ ತಳ ತಟ್ಟಿದ. ಪ್ರತಿ ಸಲವೂ ಬದುಕಿ ನಿಂತ ಆ ನೇರಳೆ ಸಸಿಗಳನ್ನು, ಯಾರ ಕಣ್ಣಿಗೂ ಬೀಳಬಾರದೆಂದು, ಮಣ್ಣಿನ ಸಮೇತ ಬಕೆಟ್ಟಿಗೆ ಬಗ್ಗಿಸಿ ಶೆಡ್ಡಿನ ಹಿಂದಿನ ಗುಂಡಿಗೆ ಎಸೆದ. ಜೀವ ಇರುವುದನ್ನು ಎಸೆಯುತ್ತಿದ್ದೇನೆ ಎಂದು ಕೈಗೆ ಗೊತ್ತಾಗುತ್ತಿತ್ತು. ಆಮೇಲೆ ಆ ಕಡೆ ಹೋಗಿಲ್ಲ. ಬಿತ್ತನೆಯ ಕಾಲಕ್ಕೆ ಏಳರ ಮೂಟೆಗಳ ಬಾಯಿ ಹೊಲಿದು, ಚೀಟಿ ಕಟ್ಟಿ, ಅಕ್ಕನ ಊರಿಗೆ ಹೋಗುವ ಲಾರಿಗೆ ಏರಿಸಿದವನೂ ಅವನೇ. ಆ ಚೀಟಿಗಳ ಮೇಲೂ ಒಂದೊಂದು ಚೆಂದದ ರೈಟು.

ಮಧ್ಯಾಹ್ನವೆಲ್ಲ ಸಭಾಂಗಣದಲ್ಲಿ ಕಳೆಯಿತು. ಮತ್ತೆ ಕುರ್ಚಿ, ಈ ಸಲ ಅರವತ್ತು. ಒಂದೊಂದು ಕುರ್ಚಿ ಇಡುವಾಗಲೂ ಇದನ್ನಿಟ್ಟು ಹೇಳುತ್ತೇನೆ ಅಂದುಕೊಂಡ. ಅದನ್ನಿಟ್ಟ ಮೇಲೆ ಸಾಲು ಮುಗಿಸಿ ಹೇಳುತ್ತೇನೆ ಅಂದುಕೊಂಡ. ನಾಳೆಗೆ ಅಭ್ಯಾಸವಾಗಲಿ ಎಂದು ಮೇಡಂ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ‘ಈಗ ನಾನು ಹೇಳ್ತೀನಿ, ನೀವು ಏಳಿ’ ಅಂದರು. ಎದ್ದ. ‘ಇನ್ನೂ ಸ್ವಲ್ಪ ಈ ಕಡೆ, ಬೆಳಕಿಗೆ ಬನ್ನಿ.’ ಪರದೆಗೆ ಬಿಡುವ ಬೆಳಕು ಅವನ ಮುಖದ ಮೇಲೂ ಕೋಟಿನ ಮೇಲೂ ಬಿತ್ತು. ಹಿಂದೆ ಪರದೆಯ ಮೇಲೆ ಏಳನೆಯ ಟ್ರೇಯ ಚಿತ್ರ, ಅದರೊಳಗೆ ಅವನ ನೆರಳು. ವಿದ್ಯಾರ್ಥಿಗಳು ಸುಮ್ಮನೆ ತಮಾಷೆಗೆ ಚಪ್ಪಾಳೆ ತಟ್ಟಿದರು. ಅವನು ಕಣ್ಣು ಮುಚ್ಚಬೇಕೆಂದುಕೊಂಡ, ಆದರೆ ಇಷ್ಟು ಜನರ ಮುಂದೆ ಕಣ್ಣು ಮುಚ್ಚಿ ನಿಲ್ಲುವುದು ಹೇಗೆ? ಕಂಕುಳು ಬೆವತಿತು. ಚಪ್ಪಾಳೆ ನಿಂತಮೇಲೂ ಒಂದು ಗಳಿಗೆ ಹಾಗೇ ನಿಂತಿದ್ದಕ್ಕೆ ಯಾರೋ ಹಿಂದಿನಿಂದ, ‘ಮೇಷ್ಟ್ರು ಅಲ್ಲೇ ಬೇರು ಬಿಟ್ರು’ ಅಂದರು. ಎಲ್ಲರೂ ನಕ್ಕರು, ಅವನೂ ನಕ್ಕ.

ಹೊರಗೆ ಬಂದಾಗ ಬಿಸಿಲು ಗೋಡೆಯ ನೆತ್ತಿಗೆ ಏರಿತ್ತು. ಕಟ್ಟಡದ ನೆರಳಿನಲ್ಲಿ ಆಗಲೇ ಚಳಿ ನೆಲದಿಂದ ಏಳುತ್ತಿತ್ತು, ಷೂವಿನ ಅಡಿಯಿಂದ ಮೇಲಕ್ಕೆ. ಐದು ಗಂಟೆಗೆ ಇನ್ನೂ ಹತ್ತು ನಿಮಿಷ. ಮೇಲಿನ ಊರಿನಲ್ಲಿ ಬೆಟ್ಟದ ಅಂಚು ಸೂರ್ಯನನ್ನು ಬೇಗ ನುಂಗುತ್ತದೆ. ಅಲ್ಲಿ ಈಗಾಗಲೇ ಮಬ್ಬು. ಹೇಳಿದರೆ ಮಾನ ಹೋಗುತ್ತದೆ, ಕೆಲಸವೂ ಹೋಗಬಹುದು. ಇದು ಬೆಳಗಿನಿಂದ ಅವನು ಹಾಕುತ್ತಿದ್ದ ಲೆಕ್ಕ. ಹೇಳದಿದ್ದರೂ ನಾಳೆ ಎಂಟು ಗಂಟೆಗೆ ಬಿಸಿಲು ಬಿದ್ದಾಗ ಎಲ್ಲವೂ ಹೋಗುತ್ತದೆ ಎಂಬುದು ಲೆಕ್ಕದ ಹೊರಗೇ ಉಳಿದಿತ್ತು, ಎಷ್ಟು ವಿಚಿತ್ರ. ಇಲ್ಲ, ಅದೂ ಅಲ್ಲ. ನಾಳೆ ಬೆಳಗ್ಗೆ ಅಕ್ಕ ಬಾಗಿಲು ತೆಗೆದು ಹೊರಗೆ ಬಂದು, ಹೊಲದ ಕಡೆ ನೋಡಿ, ಮೊದಲು ಅವನಿಗೇ ಫೋನು ಮಾಡುತ್ತಾಳೆ. ಬೈಯಲು ಅಲ್ಲ, ಇದೂ ಹೀಗೇನಾ ಎಂದು ಕೇಳಲು. ಆ ದನಿ ಕಿವಿಯಲ್ಲಿ ಕೇಳಿದ ಹಾಗಾಯಿತು. ಬೆರಳು ತಾನಾಗಿಯೇ ಅಕ್ಕನ ನಂಬರು ಒತ್ತಿತು.

‘ಅಕ್ಕ, ಹೊದಿಸಿ. ಎಲ್ಲಾ ಹೊದಿಸಿ. ಏಳನೇ ತಳಿ ತಡ್ಕೊಳ್ಳಲ್ಲ.’

‘ಏನಂದೆ?’

‘ಹಿಮಕ್ಕೆ ಸಾಯುತ್ತೆ ಅದು. ಹುಲ್ಲು, ಗೋಣಿ, ಹಾಸಿಗೆ ಬಟ್ಟೆ, ಏನ್ ಸಿಗುತ್ತೋ ಅದು. ಹಿಮಕ್ಕಿಂತ ನಾಳೆ ಬೆಳಗಿನ ಬಿಸಿಲು ನೇರ ಬೀಳಬಾರದು, ಅದು ಮುಖ್ಯ. ಎಲ್ಲರಿಗೂ ಹೇಳು.’

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು. ‘ನಂಗೆ ಕಾಣ್ತಾ ಇತ್ತು ಕಣೋ’ ಅಂದಳು ಅಕ್ಕ, ಮೆಲ್ಲಗೆ. ‘ಎಲೆ ಹೊದ್ಕೊಂಡಿಲ್ಲ ಅಂತ ನನ್ನ ಕಣ್ಣಿಗೆ ಕಾಣ್ತಾ ಇತ್ತು. ನೀನು ಓದಿದೋನು, ನಿಂಗೆ ಗೊತ್ತಿರುತ್ತೆ ಅಂತ ನನ್ನ ಕಣ್ಣನ್ನೇ ನಂಬ್ಲಿಲ್ಲ. ಯಾವಾಗ ಗೊತ್ತಾಯ್ತು ನಿಂಗೆ?’

ಅವನ ಕೈ ಜೇಬಿನ ಕಾಗದವನ್ನು ಮುಟ್ಟಿತು. ‘ಈಗ. ಈಗ ತಾನೇ. ಯಂತ್ರದ ಹಳೇ ಕಾಗದ ಒಂದು ಸಿಕ್ತು.’

‘ಹಳೇ ಬೀಜ ಇದೆ ತಾನೇ? ಆ ಶೀಷೆ?’

‘ಇದೆ.’

‘ಸದ್ಯ’ ಎಂದು ಅವಳು ಫೋನಿಟ್ಟಳು.

ಇದೆ. ಹೇಗೆ ಬಂತು ಆ ಮಾತು, ಯಾರ ಬಾಯಿಂದ? ಉಸಿರಾಡುವಷ್ಟು ಸಲೀಸಾಗಿ. ಅವನು ನಡೆಯತೊಡಗಿದ, ಎಲ್ಲಿಗೆಂದು ಗೊತ್ತಿಲ್ಲದೆ, ಜನರೇಟರ್ ಶೆಡ್ಡು ಬಳಸಿ, ಆರು ತಿಂಗಳಿಂದ ಮೆಟ್ಟದ ದಾರಿಯಲ್ಲಿ. ಒಡೆದ ಕುಂಡಗಳು, ಕೊಳೆತ ಕಾಂಡಗಳ ರಾಶಿ, ಹುಳಿ ವಾಸನೆ. ಗುಂಡಿಯ ಅಂಚಿನ ಇಳಿಜಾರಿನಲ್ಲಿ ಬಕೆಟ್ಟಿನಿಂದ ಬಿದ್ದ ಮಣ್ಣು ಹೆಂಟೆ ಹೆಂಟೆಯಾಗಿ ಇನ್ನೂ ಇತ್ತು, ಅದರ ಮೇಲೆ ಒಣಗಿದ ಸಾಸಿವೆಯ ಕಡ್ಡಿಗಳು, ಬಿರಿದು ಖಾಲಿಯಾದ ಕಾಯಿಗಳು. ಎಸೆದ ಗಿಡಗಳು ಸತ್ತಿರಲಿಲ್ಲ. ಬೇಸಿಗೆಯಲ್ಲಿ ಬೇರು ಕೊಟ್ಟು, ಹೂ ಬಿಟ್ಟು, ಬೀಜ ಚೆಲ್ಲಿ ಆಮೇಲೆ ಸತ್ತಿದ್ದವು. ಕಡ್ಡಿಗಳ ಬುಡದಲ್ಲಿ ಹೊಸ ಸಸಿಗಳು, ನೆಲಕ್ಕೆ ಅಂಟಿಕೊಂಡು, ಎಲೆ ಸುತ್ತ ಹರಡಿ. ಅವನು ಮಂಡಿಯೂರಿ ಒಂದೆಲೆಯನ್ನು ಮಗುಚಿದ. ಇಂದು ಬೆಳಗ್ಗೆ ಇಳಿಯತೊಡಗಿದ ಚಳಿಗೆ, ಸಂಜೆಯ ಹೊತ್ತಿಗೆ, ನೇರಳೆ.

ಮೊದಲು ಬಂದದ್ದು ಸಂತೋಷ. ಬೆನ್ನ ಹಿಂದೆಯೇ ಭಯ ಬಂತು. ಇದೆ ಎಂದಿದ್ದ; ಇದೆ. ಸುಳ್ಳು ಒಂದು ಸುತ್ತು ಸುತ್ತಿ ನಿಜದ ಜಾಗಕ್ಕೇ ಬಂದು ಕೂತಿತ್ತು, ಥೇಟು ಆ ಹನ್ನೆರಡು ದಿನಗಳ ಹಾಗೆ. ಮುಂದಿನ ವರ್ಷ ಶೀಷೆ ತುಂಬಿಸಿ ಕೊಟ್ಟರೆ ಅಕ್ಕ ಕಣ್ಣಿಗೊತ್ತಿಕೊಂಡು ಇಸಕೊಳ್ಳುತ್ತಾಳೆ. ಜೇಬಿನ ಕಾಗದ ತೋರಿಸಿದರೆ ಮೇಡಂ ಕೂಡ, ಪಾಪ, ತಾನಾಗಿಯೇ ಬಂದು ತಪ್ಪು ಒಪ್ಪಿಕೊಂಡ ಅನ್ನುತ್ತಾರೆ. ಬೇಸಿಗೆಯ ಐದು ಸಲವನ್ನು ಯಾವ ಸೂಜಿಯೂ ಯಾವ ಸುರುಳಿಯ ಮೇಲೂ ಗೀಚಿಲ್ಲ. ಯಾರೂ ಎಂದೂ ಕೇಳುವುದಿಲ್ಲ. ಸ್ನಾನದ ಮನೆಯಲ್ಲಿ ನಕ್ಕ ಆ ನಗು ಗಂಟಲ ಹತ್ತಿರ ಬರುತ್ತಿರುವುದು ಅವನಿಗೆ ತಿಳಿಯಿತು. ಅದಕ್ಕೆ ಹೆದರಿ, ಮಣ್ಣು ಹತ್ತಿದ ಕೈಯಲ್ಲೇ ಮತ್ತೆ ಫೋನು ಒತ್ತಿದ.

ಬಹಳ ಹೊತ್ತು ಹೊಡೆದುಕೊಂಡಿತು. ಎತ್ತಿದಾಗ ಮೊದಲು ಕೇಳಿದ್ದು ಹುಲ್ಲಿನ ಸರಬರ, ಯಾರೋ ಯಾರನ್ನೋ ಕೂಗುವುದು, ಆಮೇಲೆ ಅಕ್ಕನ ಏದುಸಿರು. ‘ಏನೋ? ಬೇಗ ಹೇಳು.’

‘ಅಕ್ಕ, ಈಗ ಗೊತ್ತಾಗಿದ್ದಲ್ಲ. ಬೇಸಿಗೇಲೇ ಗೊತ್ತಿತ್ತು. ಮೂಟೆ ಕಳಿಸುವಾಗ ಗೊತ್ತಿತ್ತು. ಮಧ್ಯಾಹ್ನ ನೀನು ಕೇಳ್ದಾಗ್ಲೂ ಗೊತ್ತಿತ್ತು. ಶೀಷೇಲಿ ಏನೂ ಇಲ್ಲ, ಎಲ್ಲಾ ಖಾಲಿ ಮಾಡ್ದೆ. ಇಲ್ಲಿ ಗುಂಡೀಲಿ ಒಂದಷ್ಟು ಗಿಡ ಎದ್ದಿದಾವೆ, ಅಷ್ಟೇ.’

ಹುಲ್ಲಿನ ಸದ್ದು ನಿಂತಿತು. ದೂರದಲ್ಲಿ ಒಬ್ಬಳು ಮುದುಕಿ, ಇದಕ್ಕೆ ಸಾಲಲ್ಲ, ಕಂಬಳಿ ತನ್ನಿ ಅನ್ನುತ್ತಿದ್ದಳು. ಅವನು ಬೈಗುಳಕ್ಕೆ ಕಾದ. ಅಳುವಿಗೆ ಕಾದ. ತನ್ನ ಹೆಸರನ್ನಾದರೂ ಹಿಡಿದು ಕರೆಯಲಿ ಎಂದು ಕಾದ.

‘ಫೋನ್ ಇಡು’ ಅಂದಳು ಅಕ್ಕ. ‘ನಂಗೆ ಎರಡೂ ಕೈ ಬೇಕು.’

ಅವನು ಆರಿದ ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದ. ಮೇಲೆ ಆಕಾಶ ಬೆಳಗಿನಷ್ಟೇ ಶುಭ್ರವಾಗಿತ್ತು. ಬೆಳಕು ಇಳಿಯುತ್ತ ಇಳಿಯುತ್ತ ಎಲೆ ನೇರಳೆಯೋ ಹಸಿರೋ ತಿಳಿಯದ ಹಾಗಾಯಿತು. ಆಮೇಲೆ ಅವನು ಫೋನನ್ನು ಮಣ್ಣಿನ ಮೇಲಿಟ್ಟು, ಅಕ್ಕನಿಗೆ ಒಯ್ಯಲೆಂದು ಎರಡೂ ಕೈಯಿಂದ ಮೊದಲ ಸಸಿಯ ಬುಡ ಬಿಡಿಸತೊಡಗಿದ.